ರಕ್ತ ಕುಡಿಯುವವರಿಗೆ ಅಕ್ಕೋರು ಹಾಕಿದ ಲೆಕ್ಕ

ಅವರ ಎಡಗೈ ಉಂಗುರಬೆರಳಿನ ತುದಿಯಲ್ಲಿ ಎಳ್ಳುಕಾಳಿನಂಥ ಕಪ್ಪು ಚುಕ್ಕಿಗಳಿದ್ದವು. ಪ್ರತಿ ವರ್ಷ ರಕ್ತದ ಪಾಠ ಬಂದಾಗ ಸ್ಪಿರಿಟ್ ದೀಪದ ಮೇಲೆ ಸೂಜಿ ಕುದಿಸಿ, ತಮ್ಮ ಬೆರಳನ್ನೇ ಚುಚ್ಚಿಕೊಂಡು, ಒಂದು ಹನಿಯನ್ನು ಸೂಕ್ಷ್ಮದರ್ಶಕದ ಗಾಜಿನ ಮೇಲೆ ಸವರುತ್ತಿದ್ದರು. "ಮಂದಿ ಬೆರಳು ಚುಚ್ಚಾಕ ಅವರ ಅಪ್ಪಣಿ ಬೇಕು. ನನ್ನ ಬೆರಳಿಗೆ ನನ್ನ ಅಪ್ಪಣಿ ಸಾಕು" ಎನ್ನುತ್ತಿದ್ದರು. ಕೊಟ್ಟೂರಿನ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರನ್ನು ಊರೆಲ್ಲ ಅಕ್ಕೋರು ಎಂದೇ ಕರೆಯುತ್ತಿತ್ತು.

ತೊಂಬತ್ತರ ದಶಕದ ನಡುಭಾಗ. ನಾನಾಗ ಹತ್ತನೇ ತರಗತಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಈಗಲೂ ಬಸ್ ನಿಲ್ದಾಣದಿಂದ ಮನೆಗೆ ವಾಪಸಾಗುವ ನಾನು ಆಗ ಇನ್ನೂ ದೊಡ್ಡ ಪುಕ್ಕಲಿ. ಮುಖ ಸುಣ್ಣ ಬಳಿದ ಗೋಡೆಯಂತಿತ್ತು. ಬಿಸಿಲಿಗೆ ತಲೆ ಸುತ್ತುತ್ತದೆಂದು ಕೊಡೆ ಹಿಡಿದು ಓಡಾಡುತ್ತಿದ್ದೆ. ಕದ್ದು ಬಳಪ ತಿನ್ನುತ್ತಿದ್ದೆ. ಆ ಚಳಿಗಾಲ ಹೊಸಹಳ್ಳಿ ಕಡೆಯ ಒಂದು ಕುರಿಹಟ್ಟಿಯಲ್ಲಿ ಮೂರು ಕುರಿಗಳು ಕುತ್ತಿಗೆ ಹರಿದು ಸತ್ತಿದ್ದವು. ತೋಳವೋ ನಾಯಿಯೋ ಇರಬೇಕು. ಆದರೆ ಕೊಟ್ಟೂರು ಮುಟ್ಟುವಷ್ಟರಲ್ಲಿ ಆ ಸುದ್ದಿಗೆ ಹೆಣ್ಣಿನ ರೂಪ ಬಂದಿತ್ತು: ಬಿಳಿಚಿದ ಮುಖ, ಬಿಸಿಲಿಗೆ ಬರುವುದಿಲ್ಲ, ರಕ್ತ ಕುಡಿಯುತ್ತಾಳೆ. ಈ ವರ್ಣನೆಗೆ ಹೊಂದುವವಳು ನಮ್ಮ ಶಾಲೆಯಲ್ಲಿ ಒಬ್ಬಳೇ. ನನಗೇ ಅನುಮಾನ ಬಂದು ಕನ್ನಡಿಯಲ್ಲಿ ಕೋರೆಹಲ್ಲು ನೋಡಿಕೊಂಡೆ.

ಬೆಂಚಿನ ಗೆಳತಿ ಜಾಗ ಬದಲಿಸಿದಳು. ಅವಳ ತಾಯಿ ಶಾಲೆಗೇ ಬಂದು, ನನ್ನನ್ನು ಶಾಲೆ ಬಿಡಿಸಬೇಕೆಂದು ಹಟ ಹಿಡಿದರು. ಹೆಡ್‌ಮಾಸ್ತರು ನನ್ನನ್ನು ಕರೆದು "ನಾಕು ದಿನ ಮನ್ಯಾಗಿರವಾ" ಎಂದರು. ನಾಲ್ಕು ದಿನ ಮನೆಯಲ್ಲಿ ಕೂತರೆ ಅಜ್ಜಿ ಮತ್ತೆ ಹೊರಗೆ ಬಿಡುವವಳಲ್ಲ. ಹಗರಿಬೊಮ್ಮನಹಳ್ಳಿಯ ಗಂಡೊಂದು ಆಗಲೇ ಅವಳ ಸೆರಗಿನ ಗಂಟಿನಲ್ಲಿತ್ತು.

ಅಕ್ಕೋರು ನನ್ನನ್ನು ಮನೆಗೆ ಹೋಗಗೊಡಲಿಲ್ಲ. ಆ ತಾಯಿಯನ್ನೂ ಬಿಡಲಿಲ್ಲ. "ಬರ್ರೆವ್ವಾ, ನೀವೂ ಒಂದು ಕ್ಲಾಸು ಕೂಡ್ರಿ" ಎಂದು ಕರೆತಂದು ಮುಂದಿನ ಬೆಂಚಿನಲ್ಲಿ ಕೂರಿಸಿದರು. ಮೂಢನಂಬಿಕೆ ಎಂದು ಬೈಯುತ್ತಾರೆ ಅಂದುಕೊಂಡೆವು. ಬೈಯಲಿಲ್ಲ.

"ರಕ್ತ ಕುಡಿಯೋ ಮನಿಷ್ಯಾ ಅದಾನ ಅಂತನ ಇಟ್ಕೊಳ್ರಿ. ಅವ ಬದುಕೋದು ಹೆಂಗ? ಬ್ಯಾರೆ ದೇಶದಾಗ ರಕ್ತ ಕುಡಿಯೋ ಬಾವಲಿ ಅದಾವು. ರಕ್ತ ಅಂದ್ರ ಬಹಳಷ್ಟು ನೀರು, ಕಸುವು ಕಡಿಮಿ. ಅದಕ್ಕ ಒಂದು ಹೊತ್ತಿಗೆ ತಮ್ಮ ತೂಕದ ಅರ್ಧದಷ್ಟು ಕುಡೀತಾವು. ಕುಡಕೋಂತನ ಉಚ್ಚಿ ಹೊಯ್ತಾವು, ಇಲ್ಲಾಂದ್ರ ಹಾರಾಕ ಆಗಂಗಿಲ್ಲ."

ಹುಡುಗರು ಕಿಸಕ್ಕನೆ ನಕ್ಕರು.

"ನಗಬ್ಯಾಡ್ರಲೇ, ಲೆಕ್ಕ ಮಾಡ್ರಿ. ಐವತ್ತು ಕೇಜಿ ಮನಿಷ್ಯಾಗ ಎಷ್ಟಾತು?"

"ಇಪ್ಪತ್ತೈದು ಲೀಟರ್ ರೀ."

"ಒಂದು ಕುರಿಗೆ ಎರಡು ಲೀಟರ್ ಅಂದ್ರೂ ಒಂದು ಹೊತ್ತಿಗೆ ಹನ್ನೆರಡು ಹದಿಮೂರು ಕುರಿ ಬೇಕು. ಹೊಸಹಳ್ಳ್ಯಾಗ ಸತ್ತದ್ದು ಮೂರು. ಪಾಪ, ಅರೆಹೊಟ್ಟಿ ಉಂಡು ಹೋತೇನು?"

ಆಮೇಲೆ ಅವರು ಪ್ರಶ್ನೆಯನ್ನೇ ತಿರುಗಿಸಿದರು. ಇಷ್ಟು ದೊಡ್ಡದು ಬದುಕುವುದಿಲ್ಲ, ಹಾಗಾದರೆ ಎಂಥದ್ದು ಬದುಕೀತು? ನಾವು ಭಯ ಮರೆತು ಲೆಕ್ಕಕ್ಕೆ ಬಿದ್ದಿದ್ದೆವು. ಸಣ್ಣದಿರಬೇಕು ಎಂದ ಒಬ್ಬ. ಬಿಸಿಲು ಬೀಳದ ಕಡೆ ಇರಬೇಕು ಎಂದಳು ಒಬ್ಬಳು. ರಕ್ತ ಹುಡುಕಿಕೊಂಡು ಅಲೆಯಬಾರದು, ರಕ್ತವಿದ್ದಲ್ಲೇ ಮನೆ ಮಾಡಬೇಕು, ಗೊತ್ತಾಗದಂತೆ ಹನಿಹನಿ ಕುಡಿಯಬೇಕು. ಅಕ್ಕೋರು ಎಲ್ಲವನ್ನೂ ಹಲಗೆಯ ಮೇಲೆ ಬರೆದರು.

ಆ ತಾಯಿಗೆ ತಾಳ್ಮೆ ಮುಗಿದಿತ್ತು. "ಇದೆಲ್ಲಾ ನನಗ ತಿಳಿಯಂಗಿಲ್ರಿ. ಈ ಹುಡುಗಿ ಮುಖ ನೋಡ್ರಿ, ಮನಿಷ್ಯಾರ ಮುಖ ಏನ್ರಿ ಅದು?"

"ಈಕಿ ಕುಡದಿದ್ರ ಈಕಿ ರಕ್ತ ನಮ್ಮೆಲ್ಲಾರಕಿಂತ ಕೆಂಪಿರಬೇಕಲ್ರಿ? ನೋಡೇ ಬಿಡೋಣು."

ಶಾಯಿ ಹೀರುವ ಕಾಗದದ ತುಂಡಿನ ಮೇಲೆ ಅಕ್ಕೋರು ತಮ್ಮದೊಂದು ಹನಿ ಇಟ್ಟರು. ಬೇರೆ ಸೂಜಿ ಕುದಿಸಿ, ನನ್ನ ಅಪ್ಪಣೆ ಕೇಳಿ, ನನ್ನದೊಂದು ಹನಿ ತೆಗೆದರು. ಚುಚ್ಚುವ ಮೊದಲೇ ನಾನು ಅತ್ತುಬಿಟ್ಟೆ. "ನಂದೂ ಚುಚ್ರಿ, ನಾನೇನ್ ಅಂಜಾಕಿ ಅಲ್ಲ" ಎಂದು ಆ ತಾಯಿ ತಾವಾಗಿಯೇ ಬೆರಳು ಚಾಚಿದರು. ಅಕ್ಕೋರು ಮತ್ತೊಂದು ಸೂಜಿ ಕುದಿಸಿ ಚುಚ್ಚಿದರು. ಮೂರೂ ಹನಿ ಒಣಗಿದವು. ಅಕ್ಕೋರದು ಗಟ್ಟಿ ಕೆಂಪು. ನನ್ನದು ತೆಳು. ಆ ತಾಯಿಯದು ನನ್ನದಕ್ಕಿಂತಲೂ ತೆಳು, ಕುಂಕುಮ ಕದಡಿದ ನೀರಿನಂತೆ.

ಆಕೆ ಬಹಳ ಹೊತ್ತು ಕಾಗದ ನೋಡಿದರು. ದನಿ ಇಳಿದಿತ್ತು. "ಹಂಗಾರ ನನ್ನ ರಕ್ತ ಯಾರು ಕುಡ್ಯಾಕತ್ಯಾರ್ರಿ, ಅಕ್ಕೋರ?"

ಅಕ್ಕೋರು ಹಲಗೆಯತ್ತ ಕೈ ಮಾಡಿದರು. "ಹುಡುಗರು ಹೇಳ್ಯಾರಲ್ರಿ, ಅದು. ಕೊಕ್ಕಿ ಹುಳ. ಬರಿಗಾಲಾಗ ಬಯಲಿಗೆ ಹೋಗ್ತೀವಿ, ಅಂಗಾಲಿಂದ ಹೊಕ್ಕು ಕರುಳಾಗ ಮನಿ ಮಾಡ್ತಾವು. ನಿಮಗೂ ಇರಬೌದು, ಈಕಿಗೂ ಇರಬೌದು. ದವಾಖಾನ್ಯಾಗ ನೋಡಿ ಗುಳಿಗಿ ಕೊಡ್ತಾರ. ಇಬ್ರೂ ಕೂಡಿ ನಡೀರಿ."

ನಡೆದೆವು. ನನ್ನ ಕೊಡೆಯ ಅರ್ಧ ನೆರಳಲ್ಲಿ ಆಕೆ, ಉಳಿದರ್ಧದಲ್ಲಿ ನಾನು. ದವಾಖಾನೆಯಲ್ಲಿ ಇಬ್ಬರಿಗೂ ಗುಳಿಗೆ ಕೊಟ್ಟರು. ಮರುವಾರ ಅವರ ಮಗಳು ನನ್ನ ಬೆಂಚಿಗೆ ವಾಪಸಾದಳು.

ಆದರೆ ಆಕೆಯ ಗಂಡನಿಗೆ ಅದನ್ನು ಸಹಿಸಲಾಗಲಿಲ್ಲ. ಮನೆಯ ಹೆಣ್ಣುಮಗಳ ರಕ್ತ ತೆಗೆದರೆಂದು ಮೇಲಿನವರಿಗೆ ದೂರು ಕೊಟ್ಟ. "ತಪ್ಪಾತು ಅಂತ ಒಂದು ಚೀಟಿ ಬರದುಬಿಡ್ರಿ, ಮುಗದುಹೋಗ್ತೈತಿ" ಎಂದು ಹೆಡ್‌ಮಾಸ್ತರು ಕೈ ಮುಗಿದು ಹೇಳಿದರಂತೆ. ಅಕ್ಕೋರು ಬರೆದರು: "ಸೂಜಿಯನ್ನು ಕುದಿಸಿಯೇ ಚುಚ್ಚಿದ್ದೇನೆ. ಕ್ಷಮೆ ಕೇಳುವಂಥದ್ದೇನೂ ನಡೆದಿಲ್ಲ." ಬೇಸಿಗೆಗೆ ಮೊದಲೇ ಅವರನ್ನು ನೀಲಗುಂದಕ್ಕೆ ವರ್ಗ ಮಾಡಿದರು.

ಇಷ್ಟೆಲ್ಲ ಆದ ಮೇಲೆ ನಾನು ವಿಜ್ಞಾನದಲ್ಲಿ ತೆಗೆದ ಅಂಕ ನಲವತ್ತೊಂದು. ಅಂಕಪಟ್ಟಿ ತೋರಿಸಲು ನೀಲಗುಂದಕ್ಕೆ ಹೋದಾಗ ನಾಚಿಕೆಯಿಂದ ಬಸ್ಸಿನಿಂದ ಇಳಿಯುವುದೇ ಬೇಡವೆನಿಸಿತ್ತು. ಅವರು ಕನ್ನಡಕ ಏರಿಸಿ ನೋಡಿದರು. "ಮೂವತ್ತೈದು ಸಾಕಿತ್ತು. ಆರು ಹೆಚ್ಚಿಗಿ ತಂದೀ. ಕಾಲೇಜಿಗೆ ಹೋಗ್ತೀ ಹೌದಿಲ್ಲೋ?" ಹೋಗುತ್ತೇನೆಂದೆ. ಅಜ್ಜಿ ಒಪ್ಪಿಲ್ಲ ಎಂದೂ ಹೇಳಿದೆ. "ಅಜ್ಜೀನ ಕೇಳಲಿಲ್ಲ ನಾನು" ಎಂದರು. ಆ ವರ್ಷ ಕಾಲೇಜು ಸೇರಿದೆ.

ಎರಡು ಸಾವಿರದ ಇಸವಿ ಕಳೆದ ಕೆಲವೇ ವರ್ಷಗಳಲ್ಲಿ ಅವರು ತೀರಿಕೊಂಡರು. ನಮ್ಮ ಸೀಮೆಯದೇ ಆದ ತವರೂರು ಅರಸೀಕೆರೆಯಲ್ಲಿ ಮಣ್ಣು. ನಾನು ಮುಟ್ಟುವಷ್ಟರಲ್ಲಿ ಗುಣಿಗೆ ಇಳಿಸಿದ್ದರು. "ಹೆಣ್ಮಕ್ಕಳು ಹಿಂದ ನಿಂದರ್ರಿ" ಎಂದ ಅಲ್ಲೊಬ್ಬ ಹಿರಿಯ. ಹೆಂಗಸರೆಲ್ಲ ಸರಿದು ನಿಂತರು. ನನಗೆ ಯಾರಾದರೂ ಬೈದರೆ ಎಂಬ ಭಯ, ಕಾಲು ಜಾರಿ ಗುಣಿಗೆ ಬಿದ್ದರೆ ಎಂಬ ಭಯ. ಎರಡೂ ಭಯಗಳನ್ನು ಹೊತ್ತುಕೊಂಡೇ ಮುಂದೆ ಹೋಗಿ ಮೂರು ಹಿಡಿ ಮಣ್ಣು ಹಾಕಿದೆ.