ಪೀಠ ಹೋಗಿ ಪೀಠೋಪಕರಣ

ಹೊಸದಾಗಿ ಮದುವೆಯಾದ ಜೋಡಿಯೊಂದು ಅಂಗಡಿಯ ಡಬಲ್ ಮಂಚದ ಮೇಲೆ ಮಲಗಿ ಹಾಸಿಗೆ ಪರೀಕ್ಷಿಸುತ್ತಿತ್ತು. ಕಣ್ಣು ಬಿಟ್ಟರೆ, ಕಾಲ ಬುಡದಲ್ಲಿ ಮುದುಕನೊಬ್ಬ ಪೊರಕೆ ಹಿಡಿದು ಮಂಡಿಯೂರಿ, ತಲೆ ತಗ್ಗಿಸಿ ಕೂತಿದ್ದಾನೆ! ಹುಡುಗಿ ಕಿರುಚಿದಳು. ಹುಡುಗ ಆಚೆ ಬದಿಗೆ ಉರುಳಿ ಬಿದ್ದ. ಜೊತೆಗೆ ವ್ಯಾಪಾರವೂ ಬಿತ್ತು.

ತಪ್ಪು ಮುದುಕನದೂ ಅಲ್ಲ, ಮಂಚದ್ದೂ ಅಲ್ಲ, ಜಾಗದ್ದು. ಈ ಅಂಗಡಿ ಮೊದಲು ಚರ್ಚಾಗಿತ್ತು. ಮಂಚ ಹಾಕಿದಲ್ಲೇ ಬಲಿಪೀಠವಿತ್ತು. ಪೀಠ ಹೋಯಿತು, ಪೀಠೋಪಕರಣ ಬಂತು. ಎರಡಕ್ಕೂ ಉಳಿದವನು ಈ ಮುದುಕ, ಗಂಟೆ ಮಾಮ ಒಬ್ಬನೇ.

ಗಂಟೆ ಹೊಡೆಯುವುದು, ಮೇಣದಬತ್ತಿ ಹಚ್ಚುವುದು, ಬೆಂಚು ಒರೆಸುವುದು ಹರೆಯದಿಂದಲೂ ಅವನ ಕೆಲಸ. ಪೇಟೆ ಬೆಳೆದು ಸುತ್ತಲಿನ ಮನೆಗಳೆಲ್ಲ ಮಳಿಗೆಗಳಾದವು. ಭಕ್ತರು ಊರಾಚೆಯ ಬಡಾವಣೆ ಸೇರಿದರು. ಭಾನುವಾರದ ಪೂಜೆಗೆ ಉಳಿದದ್ದು ಫಾದರ್, ಮಾಮ ಮತ್ತು ಪಾರಿವಾಳಗಳು. ಕೊನೆಗೆ ಚರ್ಚೂ ಭಕ್ತರ ಹಿಂದೆಯೇ ಹೊರಟಿತು. ಗಂಟೆ ಲಾರಿ ಹತ್ತಿತು. ಕಟ್ಟಡ ಕೆಲಕಾಲ ಸಿಮೆಂಟಿನ ಗೋದಾಮಾಗಿ, ಆಮೇಲೆ ಸೋಫಾಗಳ ಪಾಲಾಯಿತು. ತಪ್ಪೊಪ್ಪಿಗೆಯ ಗೂಡಿನಲ್ಲಿ ಈಗ ಬಿಲ್ ಬರೆಯುತ್ತಾರೆ. ಕ್ಷಮೆಯ ಬದಲು ಡಿಸ್ಕೌಂಟ್ ಸಿಗುತ್ತದೆ. ಹೆಂಡತಿಯನ್ನು ಕಳೆದುಕೊಂಡಿದ್ದ ಮಾಮ ಗುಡಿಸುವ ಕೆಲಸ ಹಿಡಿದ. ಗಂಟೆ ಹೋದರೂ ಗಂಟುಬಿದ್ದ ಜಾಗ ಬಿಡಲಿಲ್ಲ.

"ಅಲ್ಲ ಮಾಮ, ಹಾಸಿಗೆ ಕೊಳ್ಳೋಕೆ ಬಂದೋರ ಮುಂದೆ ಹೆಣ ಕಾಯೋ ಹಾಗೆ ಕೂತ್ರೆ ಹೆಂಗೆ?" ಅಂಗಡಿಯ ಯಜಮಾನ ರೇಗಿದ.

"ನಾನು ಬಗ್ಗಲ್ಲ ಸಾರ್, ಮಂಡಿ ತಾನಾಗೇ ಬಗ್ಗುತ್ತೆ."

"ಇನ್ನೊಂದ್ಸಲ ಬಗ್ಗಿದ್ರೆ ಸೀದಾ ಮನೆಗೆ!"

ಮನೆ ಎಂದೊಡನೆ ಮಾಮನ ಮುಖ ಇಳಿಯಿತು. ಮನೆಯೆಂದರೆ ಒಂದು ಕೋಣೆ, ಒಂದು ಸ್ಟವ್, ತೆರೆದರೆ ಪಕ್ಕದವರ ಗೋಡೆ ಕಾಣುವ ಕಿಟಕಿ. ಎರಡನೆಯ ಲೋಟ ಕವುಚಿಟ್ಟದ್ದು ಕವುಚಿದ ಹಾಗೇ ಇದೆ.

ಮರುದಿನದಿಂದ ಅವನು ಮಂಚ ಕಣ್ಣಿಗೆ ಬೀಳದಂತೆ ಅದರತ್ತ ಬೆನ್ನು ಹಾಕಿ, ಹಿಂದಕ್ಕೆ ಹೆಜ್ಜೆಯಿಡುತ್ತಾ ಗುಡಿಸತೊಡಗಿದ. ಹಾಗೆ ಹೋಗಿ ಒಂದು ದಿನ ಕನ್ನಡಿ ಬೀರುವಿಗೆ ಗುದ್ದಿದ. ಕನ್ನಡಿ ಚೂರುಚೂರು.

ಯಜಮಾನ ಬೈಯಲಿಲ್ಲ, ಮಾಮನಿಗೆ ಅದರಿಂದಲೇ ಹೆಚ್ಚು ಭಯವಾಯಿತು. ಅವನನ್ನು ಪಕ್ಕದ ಸೋಫಾದಲ್ಲಿ ಕೂರಿಸಿಕೊಂಡು ಯಜಮಾನ ಕೇಳಿದ:

"ನೋಡಿ ಮಾಮ, ಹೊಸ ಚರ್ಚಲ್ಲಿ ನಿಮಗೆ ಕೆಲಸ ಇದೆಯಂತೆ, ಫಾದರ್ ಹೇಳಿದ್ರು. ನಿಮ್ಮ ದೇವರು ಅಲ್ಲಿ, ನಿಮ್ಮ ಜನ ಅಲ್ಲಿ, ನಿಮ್ಮ ಗಂಟೇನೂ ಅಲ್ಲೇ. ಏನು ಕಂಡು ಇಲ್ಲೇ ಅಂಟಿಕೊಂಡಿದೀರಿ?"

ಭಕ್ತಿಯ ಮಾತೊಂದು ಬರಲಿದೆಯೆಂದು ಯಜಮಾನ ಮುಖ ಗಂಭೀರ ಮಾಡಿಕೊಂಡ.

"ಅಲ್ಲಿ ಬಂದೋರೆಲ್ಲ ದೇವರ ಹತ್ರ ಮಾತಾಡ್ತಾರೆ ಸಾರ್," ಅಂದ ಮಾಮ. "ಇಲ್ಲಿ ಬಂದೋರು ಟಾಯ್ಲೆಟ್ ಎಲ್ಲಿ ಅಂತ ಆದ್ರೂ ನನ್ನನ್ನ ಕೇಳ್ತಾರೆ."