ಹಗಲಿನಲ್ಲಿ ಕಾಣದ ಉರಿ

ದುಬೈನ ಒಂದು ಹೋಟೆಲಿನ ಚೀನೀ ರೆಸ್ಟೋರೆಂಟಿನಲ್ಲಿ ನನ್ನ ಕೆಲಸ. ಪ್ರವಾಸಿಗಳು ಚೀನಾದ ಹಳೆಯ ಮದ್ಯಗಳ ರುಚಿ ನೋಡಬೇಕೆಂದರೆ ಕ್ರಮ ಹೇಳಿಕೊಡುವವಳು ನಾನು. ಮೊದಲು ಬೆಚ್ಚಗೆ ಮಾಡಿದ ಅಕ್ಕಿಯ ಹಳದಿ ಮದ್ಯ. ಆಮೇಲೆ ಹೂವು ನೆನೆಸಿದ ಸಿಹಿಯದು. ಕೊನೆಗೆ ಜೋಳದಿಂದ ಬಟ್ಟಿ ಇಳಿಸಿದ ಬೈಜು, ಹೆಬ್ಬೆರಳ ತುದಿಯಷ್ಟು ಲೋಟದಲ್ಲಿ. ಎರಡು ತಿಂಗಳಿಂದ ಬೈಜುವಿನ ಹೆಸರು ಹೇಳುವಾಗ ನನ್ನ ಕಣ್ಣು ಮೇಜಿನ ಮೇಲಿನ ಮೇಣದಬತ್ತಿಗೆ ಹೋಗುತ್ತದೆ.

ಅಪ್ಪನ ತಮ್ಮ, ನಮ್ಮ ಬಾಪ್ಪು, ಮಂಗಳೂರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ನೀನು ಕೆಲಸದಲ್ಲಿ ಎಂಥ ಮಾರುತ್ತೀ, ನನಗೂ ತೋರಿಸು ಎಂದು ದಿನಾ ಕೇಳುತ್ತಿದ್ದರು. ಭಾನುವಾರ ಇಗರ್ಜಿಯಿಂದ ಬಂದು ಊಟವಾದ ಮೇಲೆ, ಕರಾಮದ ನಮ್ಮ ಫ್ಲ್ಯಾಟಿನ ಕಿಟಕಿ ಪಕ್ಕದ ಮೇಜಿನಲ್ಲಿ ಎರಡು ಬಾಟಲಿ ಇಟ್ಟೆ. ಏಳು ವರ್ಷದ ಮಗಳು ಎದುರಿಗೆ ಮೇಜಿನ ಮೇಲೆ ಗಲ್ಲ ಊರಿ ನಿಂತಳು.

ಹಳದಿ ಮದ್ಯವನ್ನು ಒಂದು ಗುಟುಕು ಕುಡಿದು ಬಾಪ್ಪು ಮುಖ ಹಿಂಡಿದರು. "ಇದು ಬಾಣಂತಿ ಕಷಾಯ ಅಲ್ವಾ?" ಚೀನಾದಲ್ಲೂ ಬಾಣಂತಿಯರಿಗೆ ಇದನ್ನು ಕೊಡುತ್ತಾರೆ ಎಂದೆ. ಇಬ್ಬರೂ ನಕ್ಕೆವು.

ಬೈಜುವನ್ನು ಮಾತ್ರ ಅವರು ತುಟಿಗೆ ತಾಗಿಸಲಿಲ್ಲ. ಊರಿನಲ್ಲಿ ಗುಟ್ಟಾಗಿ ಇಳಿಸಿದ ಸರಾಯಿಯನ್ನು ಯಾರೂ ಪರೀಕ್ಷೆ ಮಾಡದೆ ಕುಡಿಯುತ್ತಿರಲಿಲ್ಲ. ಬಸಿಗೆ ಸ್ವಲ್ಪ ಸುರಿದು ಕಡ್ಡಿ ಗೀರುವುದು. ನೀಲಿ ಉರಿ ಎದ್ದರೆ ಒಳ್ಳೆಯ ಮಾಲು, ಏಳದಿದ್ದರೆ ನೀರು ಬೆರೆಸಿದ್ದು. ಆದರೆ ಅಲ್ಲಿ ಅದನ್ನು ಮಾಡುತ್ತಿದ್ದದ್ದು ಹಿತ್ತಿಲಿನ ಕತ್ತಲೆ ಕೊಟ್ಟಿಗೆಯಲ್ಲಿ. ನಮ್ಮ ಮೇಜಿನ ಮೇಲೆ ಕರಾಮದ ಮಧ್ಯಾಹ್ನ ಎರಡು ಗಂಟೆಯ ಬಿಸಿಲು ನೇರ ಬೀಳುತ್ತಿತ್ತು.

ಬಾಪ್ಪು ಬಸಿಗೆ ಸ್ವಲ್ಪ ಬೈಜು ಸುರಿದು, ಕಡ್ಡಿ ಗೀರಿ ತಾಗಿಸಿದರು. ಏನೂ ಕಾಣಲಿಲ್ಲ. ಬಸಿಯ ಮೇಲಿನ ಗಾಳಿ ಒಮ್ಮೆ ನಡುಗಿತು, ಅದರಾಚೆ ಪರದೆಯ ಹೂಗಳು ಅಲುಗಿದವು. ಎಸಿ ಗಾಳಿಗೆ ಇರಬೇಕು ಎಂದುಕೊಂಡೆ.

"ಹೊತ್ತಲಿಲ್ಲ. ನಿನ್ನ ಚೀನಾದವ ನೀರು ಹಾಕಿ ಕೊಟ್ಟಿದ್ದಾನೆ ಮಾರಾಯ್ತಿ," ಎನ್ನುತ್ತ ಬಾಪ್ಪು ಇನ್ನೊಮ್ಮೆ ನೋಡಲು ಬಾಟಲಿಯನ್ನೇ ಬಸಿಗೆ ಬಗ್ಗಿಸಿದರು.

ಭುಸ್ಸೆಂದು ಒಂದು ಸದ್ದು. ಬಸಿಯಲ್ಲಿ ಆಗಲೇ ಹೊತ್ತಿತ್ತು, ಬಿಸಿಲಿಗೆ ಕಂಡಿರಲಿಲ್ಲ. ಉರಿ ಧಾರೆಯನ್ನೇ ಹಿಡಿದು ಬಾಟಲಿಯ ಬಾಯಿಗೆ ಏರಿತು, ಒದ್ದೆಯಾಗಿದ್ದ ಅವರ ಬೆರಳುಗಳಿಗೂ. ಯಾರೇ ಆದರೂ ಬಾಟಲಿ ಎಸೆಯುತ್ತಿದ್ದರು. ಎಸೆದಿದ್ದರೆ ಎಲ್ಲವೂ ಮಗಳ ಮುಖಕ್ಕೇ. ಬಾಪ್ಪು ಅದನ್ನು ನೆಟ್ಟಗೆ ಹಿಡಿದು ನಿಂತರು.

"ಮಗುವನ್ನು ಆಚೆ ಎಳಿ," ಎಂದರು. ಕೂಗಲಿಲ್ಲ.

ಅವಳನ್ನು ಬಾಗಿಲವರೆಗೆ ಎಳೆದುಹಾಕಿ, ಟವೆಲು ಒದ್ದೆ ಮಾಡಿ ತಂದು ಅವರ ಕೈಗೂ ಬಾಟಲಿಗೂ ಸೇರಿಸಿ ಸುತ್ತುವವರೆಗೆ ಅವರು ಬಿಡಲಿಲ್ಲ. ಮಗಳು ಅಳಲೂ ಇಲ್ಲ. "ಮಮ್ಮಾ, ವೇರ್ ಈಸ್ ದ ಫೈರ್?" ಎಂದು ಕೇಳುತ್ತಿದ್ದಳು.

ಮೀನು ಹುರಿಯುವಾಗ ಎಣ್ಣೆ ಹಾರಿತೆಂದು ಊರಲ್ಲಿ ಹೇಳುತ್ತೇನೆ ಎಂದು, ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಅವರು ವಿಮಾನ ಹತ್ತಿದರು. ಉಳಿದ ಬೈಜುವನ್ನು ಸಿಂಕಿಗೆ ಸುರಿದೆ. ಅದರ ಮೇಲೆ ಎಷ್ಟು ಹೊತ್ತು ನಲ್ಲಿ ಬಿಟ್ಟೆನೋ ನೆನಪಿಲ್ಲ.

ನೆನಪಿರುವುದು ಆ ಪರದೆಯ ಹೂಗಳು. ಮೆಟ್ರೋದಲ್ಲಿ ನಿಂತಾಗ, ಗಿರಾಕಿಗಳ ಮುಂದೆ ಲೋಟ ಜೋಡಿಸುವಾಗ, ಅವು ಅಲುಗುತ್ತವೆ. ಆಗಲೇ ನಾನು ಬಾಯಿ ಬಿಟ್ಟಿದ್ದರೆ?

ಕಳೆದ ವಾರ ಬಾಪ್ಪು ಫೋನ್ ಮಾಡಿ, ಬೆರಳು ಮಡಚಲಿಕ್ಕೆ ಬರುತ್ತದೆ, ಮಗು ಹೇಗಿದ್ದಾಳೆ ಎಂದು ವಿಚಾರಿಸಿದರು. ತಡೆಯಲಾಗದೆ ಹೇಳಿಬಿಟ್ಟೆ, ಗಾಳಿ ನಡುಗಿದ್ದನ್ನು ನಾನು ನೋಡಿದ್ದೆ ಎಂದು.



"ನಾನೂ ನೋಡಿದ್ದೆ," ಎಂದರು. "ಎಸಿ ಅಂತ ಎಣಿಸಿದ್ದು."

ಈಗ ಮನೆಯ ಮೇಜು ಒರೆಸುವ ಮೊದಲು ಅಂಗೈಯನ್ನು ಅದರ ಮೇಲೆ, ಗೇಣು ಎತ್ತರದಲ್ಲಿ, ಒಮ್ಮೆ ಆಡಿಸಿ ನೋಡುತ್ತೇನೆ. ಮಗಳೂ ಹಾಗೇ ಮಾಡಲು ಕಲಿತಿದ್ದಾಳೆ.