ಪಂಪ್ ಡಾಕ್ಟರ ಹೂಂ

ನಮ್ಮ ಯಜಮಾನರನ್ನು ದೋಣಿಗಳು ನಿಲ್ಲುವ ಕಟ್ಟೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಪಂಪ್ ಡಾಕ್ಟರು ಎಂದರೆ ಮುಗಿಯಿತು. ದೋಣಿಯಲ್ಲೇ ಸಂಸಾರ ಮಾಡುವವರ ಅಡುಗೆಮನೆಗೂ ಬಚ್ಚಲಿಗೂ ಸಿಹಿನೀರು ಬರುವುದು ಇವರ ಕೈಗುಣದಿಂದ. ಸ್ಕ್ರೂಡ್ರೈವರಿನ ತುದಿಯನ್ನು ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದರೆಂದರೆ ಎರಡು ನಿಮಿಷದಲ್ಲಿ ರೋಗ ಹೇಳುತ್ತಿದ್ದರು. ಮೂವತ್ತು ವರ್ಷ ಹಾಗೇ ನಡೆಯಿತು. ಆಮೇಲೆ ಕಿವಿ ಕೈಕೊಟ್ಟಿತು.

ಒಪ್ಪಿಕೊಂಡರೆ ತಾನೆ? ಮೊದಲು ರೇಡಿಯೊ ಕೆಟ್ಟಿದೆ ಎಂದರು. ಆಮೇಲೆ ನಾನು ಬಾಯೊಳಗೇ ಗೊಣಗುತ್ತೇನೆ ಎಂದರು. ನಾನು! ಬೀದಿಯ ಆ ತುದಿಗೆ ಕೇಳುವ ಗಂಟಲು ನನ್ನದು. ಕೊನೆಗೆ ಒಂದು ಉಪಾಯ ಕಂಡುಕೊಂಡರು. ಯಾರು ಏನು ಹೇಳಿದರೂ "ಹೂಂ" ಎನ್ನುವುದು. ಬಾಗಿಲು ಹಾಕಲಾ ಎಂದರೂ ಹೂಂ, ತೆಗೆಯಲಾ ಎಂದರೂ ಹೂಂ.

"ಕಿವಿ ಹೋಯ್ತು ಅಂತ ಗೊತ್ತಾದ್ರೆ ನನ್ನ ಯಾರು ಕರೀತಾರೆ?" ಎಂದು ಒಂದೇ ಒಂದು ದಿನ ಬಾಯಿಬಿಟ್ಟರು. ಆ ದಿನದಿಂದ ಚೀಲ ಹೊರುವ ನೆಪದಲ್ಲಿ ನಾನೂ ಜೊತೆಗೆ ಹೊರಟೆ. ಪಂಪು ಓಡಿದರೆ ಅವರ ಬೆನ್ನಿಗೆ ಎರಡು ಸಲ ತಟ್ಟುವುದು, ನಿಂತರೆ ಒಂದು ಸಲ. ಕಿವಿ ನನ್ನದು, ಬುದ್ಧಿ ಅವರದು. ಎರಡು ವರ್ಷ ಯಾರಿಗೂ ಸುಳಿವು ಸಿಗಲಿಲ್ಲ ಎಂದುಕೊಂಡಿದ್ದೆವು.

ಶಾಲೆಯಿಂದ ನಿವೃತ್ತರಾದ ಟೀಚರಮ್ಮ ಒಬ್ಬರು ಹಳೆಯ ದೋಣಿಯೊಂದರಲ್ಲಿ ಒಂಟಿಯಾಗಿ ವಾಸವಾಗಿದ್ದಾರೆ. ಮಂಚದ ಕೆಳಗೆ ನೀರಿನ ಟ್ಯಾಂಕು, ಸಿಂಕಿನ ಕೆಳಗೆ ಪಂಪು. ಟ್ಯಾಂಕಿಗೆ ನೀರು ತುಂಬಿಸುವ ಬಾಯಿ ಹೊರಗೆ ಮೇಲ್ಹಲಗೆಯಲ್ಲಿದೆ, ಅದಕ್ಕೊಂದು ತಿರುಪಿನ ಮುಚ್ಚಳ. ಕಳೆದ ತಿಂಗಳು ಅಲ್ಲಿ ಹೊಸ ಪಂಪು ಕೂರಿಸಿ ಬಂದೆವು. ಮರುದಿನವೇ ನನಗೆ ಫೋನು.

"ನಲ್ಲಿ ತೆಗೆದ್ರೆ ನೀರು ದಾರದ ಹಾಗೆ ಬರ್ತಿದೆ. ತಲೆಗೆ ಸೋಪು ಹಾಕ್ಕೊಂಡು ನಿಂತಿದೀನಿ!"

ಓಡಿದೆವು. ಇವರದು ಒಂದು ಕ್ರಮವಿದೆ. ಮೊದಲು ಮುಚ್ಚಳ ಬಿಚ್ಚಿ ಟ್ಯಾಂಕಿನಲ್ಲಿ ನೀರಿದೆಯೇ ನೋಡಬೇಕು. ಇತ್ತು. ಮುಚ್ಚಳವನ್ನು ಪಕ್ಕಕ್ಕಿಟ್ಟು ಒಳಗೆ ಬಂದು, ಕಸ ಹಿಡಿಯುವ ಜಾಲರಿ ತೊಳೆದರು, ನಲ್ಲಿಯ ಮೂತಿ ಬಿಚ್ಚಿ ಊದಿದರು, ಪಂಪಿಗೆ ಕರೆಂಟು ಪೂರ್ತಿ ಬರುತ್ತಿದೆಯೇ ಅಳೆದರು. ಯಾವುದರಲ್ಲೂ ಐಬಿಲ್ಲ. ನಲ್ಲಿ ತಿರುಗಿಸಿದರೆ ನೀರು ಭರ್ರೆಂದು ಬಂತು. ಮುಚ್ಚಳ ಬಿಗಿದು ಮನೆಗೆ ಬಂದೆವು. ಸಂಜೆಗೆ ಮತ್ತೆ ಫೋನು. ಎರಡನೇ ಸಲವೂ ಅದೇ ಕಥೆ. ನಾವಿದ್ದರೆ ಭರ್ರೆಂದು, ನಾವು ಬೆನ್ನು ತಿರುಗಿಸಿದರೆ ದಾರ.

"ಪಂಪಿನವರೇ, ನಿಮ್ಮನ್ನ ಇಲ್ಲೇ ಮಂಚದ ಕೆಳಗೆ ಇಟ್ಕೊಳ್ಳೋಕಾಗಲ್ವಲ್ಲ," ಎಂದರು ಟೀಚರಮ್ಮ. "ಇನ್ನೊಂದ್ಸಲ ನೋಡಿ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಕರೀತೀನಿ, ಬೇಜಾರು ಮಾಡ್ಕೋಬೇಡಿ."

ಮನೆಗೆ ಬಂದು ಇವರು ಚೀಲವನ್ನು ಮೊಳೆಗೆ ನೇತುಹಾಕಿದರು. "ಇದೊಂದು ಸರಿಹೋಗ್ಲಿಲ್ಲ ಅಂದ್ರೆ ಚೀಲ ಇನ್ನು ಇಲ್ಲೇ ಇರ್ಲಿ ಕಣೇ. ಸಾಕು," ಎಂದರು. ಅವರಿಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ, ಸುಮ್ಮನೆ ಕೂರುವುದಂತೂ ಬರುವುದೇ ಇಲ್ಲ. ನನಗೆ ನಿಜಕ್ಕೂ ಭಯವಾಯಿತು.

ಮೂರನೇ ಸಲ ಹೋದಾಗ ಟೀಚರಮ್ಮ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಇವರು ಬಗ್ಗಿ ಮುಚ್ಚಳ ತಿರುಗಿಸಿದರು. ಸ್‌ಸ್‌ಸ್ ಎಂದು ಗಾಳಿ ಒಳಕ್ಕೆ ಎಳೆದುಕೊಂಡ ಸದ್ದಾಯಿತು. ಹಿಂದಿನ ಎರಡು ಸಲವೂ ಅದನ್ನು ಕೇಳಿದ್ದೆ. ಟ್ಯಾಂಕುಗಳ ಜಾಯಮಾನವೇ ಅದು ಎಂದು ಬಿಟ್ಟಿದ್ದೆ. ನಮ್ಮ ಬೆನ್ನು ತಟ್ಟುವ ಭಾಷೆಯಲ್ಲಿ ಅದಕ್ಕೊಂದು ಗುರುತೂ ಇರಲಿಲ್ಲ.

"ರೀ, ತೆಗೆದಾಗೆಲ್ಲ ಇದು ಸ್‌ಸ್ ಅನ್ನತ್ತೆ," ಎಂದು ಮೆಲ್ಲಗೆ ಹೇಳಿದೆ.

"ಹೂಂ," ಎಂದು ಒಳಗೆ ಹೊರಟೇಬಿಟ್ಟರು.

ಅಲ್ಲಿಗೆ ಬಾಯಿಮುಚ್ಚಿಕೊಂಡಿದ್ದರೆ ಗುಟ್ಟು ಉಳಿಯುತ್ತಿತ್ತು, ಕೆಲಸ ಹೋಗುತ್ತಿತ್ತು. ನನಗೆ ಪಿತ್ತ ನೆತ್ತಿಗೇರಿತು.

"ಹೂಂ ಅನ್ಬೇಡ್ರೀ! ನಿಮಗೆ ಕೇಳಿಸಿಲ್ಲ! ಮುಚ್ಚಳ ತೆಗೆದ್ರೆ ಟ್ಯಾಂಕು ಗಾಳಿ ಎಳೀತಿದೆ!"

ಪಕ್ಕದ ದೋಣಿಯ ನಾಯಿ ಎದ್ದು ಬೊಗಳಿತು. ಇವರು ಟೀಚರಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಒಳಗಿನ ಮೆಕ್ಯಾನಿಕ್ಕೇ ಗೆದ್ದ.

"ಎಳೀತಿದೆಯಾ, ಹೊರಗೆ ಬಿಡ್ತಿದೆಯಾ?"

"ಎಳೀತಿದೆ!"

"ಹಾಗಾದ್ರೆ ಟ್ಯಾಂಕಿಗೆ ಉಸಿರುಕಟ್ಟಿದೆ," ಎಂದರು. "ನೀರು ಹೊರಗೆ ಹೋದಷ್ಟೂ ಗಾಳಿ ಒಳಗೆ ಬರ್ಬೇಕು. ಅದಕ್ಕೆ ಅಂತಾನೇ ದೋಣಿ ಹೊರಮೈಲಿ ಬೆರಳಷ್ಟು ತೂತು ಇರತ್ತೆ. ಅದು ಮುಚ್ಚಿಹೋದ್ರೆ ಪಂಪು ಎಷ್ಟು ಹೆಣಗಿದ್ರೂ ನೀರು ಬರಲ್ಲ. ನಾವು ಬಂದಾಗೆಲ್ಲ ಮುಚ್ಚಳ ತೆಗೆದಿಟ್ಟೇ ನೋಡಿದ್ವಲ್ಲ, ಅದಕ್ಕೇ ಸರಿಯಾಗಿ ಬಂತು. ಯಾರೋ ಆ ತೂತು ಮುಚ್ಚಿದಾರೆ."

ಯಾರೋ ಅಲ್ಲ, ನಾನೇ. ಹೊಸ ಪಂಪು ಕೂರಿಸಿದ ದಿನ ಟ್ಯಾಂಕು ತುಂಬಿಸುವಾಗ ಆ ತೂತಿನಿಂದ ನೀರು ಸುರಿಯುತ್ತಿತ್ತು. ಟ್ಯಾಂಕು ತುಂಬಿ ಹೆಚ್ಚಾದದ್ದು ಅಲ್ಲಿಂದ ಹೋಗುತ್ತದೆ ಎಂದು ನನಗೇನು ಗೊತ್ತು? "ರೀ, ಇಲ್ಲಿ ಸೋರ್ತಿದೆ, ಮುಚ್ಚಲಾ?" ಎಂದು ಕೇಳಿದ್ದೆ. "ಹೂಂ" ಎಂದಿದ್ದರು. ಹಳೇ ಬಟ್ಟೆ ತುರುಕಿ, ಮೇಲೆ ಇವರ ಚೀಲದಲ್ಲಿದ್ದ ಅಂಟು ಮೆತ್ತಿದ್ದೆ. ಎಷ್ಟು ಅಚ್ಚುಕಟ್ಟಾಗಿ ಅಂತೀರಿ!

ಹೇಳದೆ ವಿಧಿಯಿರಲಿಲ್ಲ. ಹೇಳಿದೆ, ಅದೂ ಇವರಿಗೆ ಕೇಳುವಷ್ಟು ಜೋರಾಗಿ. ಇವರು ದಂಗಾಗಿ ಹಲಗೆಯ ಮೇಲೆ ಕೂತುಬಿಟ್ಟರು. ಹೊರಕ್ಕೆ ಬಗ್ಗಿ ಸ್ಕ್ರೂಡ್ರೈವರಿನಿಂದ ಆ ಬಟ್ಟೆಯನ್ನು ಕಿತ್ತವಳೂ ನಾನೇ. ಈ ಸಲ ಮುಚ್ಚಳವನ್ನು ಬಿಗಿಯಾಗಿ ಹಾಕಿ ನಲ್ಲಿ ತಿರುಗಿಸಿದೆವು. ಒಂದು ಬಕೆಟ್ಟು ತುಂಬಿತು, ಎರಡನೆಯದೂ ತುಂಬಿತು, ನೀರಿನ ರಭಸ ಒಂದಿಷ್ಟೂ ಇಳಿಯಲಿಲ್ಲ. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳೇಕೆ ಹೇಳಲಿ.

ಇವರು ಕೈ ಒರೆಸಿಕೊಂಡು ಎದ್ದು ನಿಂತರು. "ತಪ್ಪು ಅವಳದಲ್ಲ, ಟೀಚರಮ್ಮ. ನನಗೆ ಕಿವಿ ಕೇಳಲ್ಲ. ಎರಡು ವರ್ಷದಿಂದ ಬಚ್ಚಿಟ್ಕೊಂಡು ಬಂದಿದೀನಿ."

ಟೀಚರಮ್ಮ ಇವರ ಎದುರಿಗೆ ಬಂದು ನಿಂತು, ಒಂದೊಂದೇ ಮಾತನ್ನು ಬಿಡಿಸಿ ಗಟ್ಟಿಯಾಗಿ ಹೇಳಿದರು. "ಗೊತ್ತು. ಇಡೀ ಕಟ್ಟೆಗೇ ಗೊತ್ತು. ಇಷ್ಟು ವರ್ಷ ಪಾಠ ಮಾಡಿದೀನಿ, ಯಾರು ಕೇಳಿಸ್ಕೊಳ್ತಿದಾರೆ, ಯಾರು ಸುಮ್ನೆ ತಲೆ ಆಡಿಸ್ತಿದಾರೆ ಅಂತ ನನಗೆ ಗೊತ್ತಾಗಲ್ವಾ? ಬೆನ್ನಿಗೆ ಎರಡು ತಟ್ಟು, ಒಂದು ತಟ್ಟು, ಅದೂ ಗೊತ್ತು. ಕಿವಿ ಇಲ್ಲ ಅಂತ ನಾನು ಬೇರೆಯವರನ್ನ ಕರೀತೀನಿ ಅನ್ಲಿಲ್ಲ. ನೀರಿಲ್ಲ ಅಂತ ಅಂದೆ. ಈಗ ನೀರಿದೆ. ಮುಂದಿನ ವಾರ ಬಂದು ಬಚ್ಚಲ ಪೈಪೂ ನೋಡಿ."

ನಮ್ಮಿಬ್ಬರಿಗೂ ನಾಚಿಕೆ ಮೊದಲು ಬಂತೋ ನಗು ಮೊದಲು ಬಂತೋ ಹೇಳಲಾರೆ. ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮನೆಗೆ ಬರುವಾಗ ಚೀಲವನ್ನು ಅವರೇ ಹೆಗಲಿಗೆ ಹಾಕಿಕೊಂಡರು. "ನಾಳೆ ಕಿವಿ ಡಾಕ್ಟ್ರ ಹತ್ರ ಹೋಗೋಣ," ಎಂದೆ. ಇನ್ನೇನು ಹೂಂ ಬರುತ್ತದೆ ಎಂದು ಕಾದೆ. ಅವರು ನಡೆಯುವುದನ್ನು ನಿಲ್ಲಿಸಿ, ನನ್ನ ಕಡೆ ತಿರುಗಿ, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡರು.

"ಏನಂದೆ? ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳೇ."

ಬೀದಿಯ ಜನ ತಿರುಗಿ ನೋಡುವಷ್ಟು ಜೋರಾಗಿ ಇನ್ನೊಂದು ಸಲ ಹೇಳಿದೆ.